ಹಕ್ಕಿ ಇಳಿಯೋ ನೆಲದ ಬಾಡಿಗಿ

…ಇಲ್ಲವ್ವಾ, ಎಲ್ಲಾ ಬಾಡಿಗೀನೂ ಸ್ಕ್ವೇರ್ ಫೂಟಿನ ಮ್ಯಾಲೆ ನಿಲ್ಲಂಗಿಲ್ಲ. ನಿಮ್ಮಪ್ಪ ಈ ಶಾರ್ಜಾದ ಅಲ್ ನಹ್ದಾ ಫ್ಲ್ಯಾಟಿನ ಬಾಡಿಗಿ ಏರಿತು ಅಂತ ಮುಂಜಾನಿಂದ ಮಾರಿ ಗಂಟ್ ಹಾಕ್ಕೊಂಡು ಕುಂತಾನಲ್ಲ, ಅವಗೂ ಅಜ್ಜ ಅಂದ ಅಂತ ಹೇಳ್ರಿ. ನಾ ನೋಡಿದ್ದು ಬ್ಯಾರೆ ಬಾಡಿಗಿ, ಬೇಟೆ ನೆಲದ್ದು. ಆಗ ನಿಮ್ಮಪ್ಪ ಇನ್ನಾ ಸಾಲಿ ಹುಡುಗ, ನನ್ನ ಕೆಲಸಾ ಹೋಗಿತ್ತು. ಶಾರ್ಜಾದಾಗಿನ ವರ್ಕ್‌ಶಾಪು, ಶಾರ್ಜಾ ಅಲ್ಲ, ಅಜ್ಮಾನ್, ಅದು ಬಾಗ್ಲಾ ಹಾಕ್ತು. ಬೆಡ್ ಸ್ಪೇಸಿನಾಗ, ಅಂದ್ರ ಹತ್ತು ಮಂದಿ ಇರೋ ಕೋಲಿಯೊಳಗ ಒಂದು ಮಂಚಾ ಬಾಡಿಗಿಗೆ ಹಿಡದು, ಬಿದ್ದಿದ್ದೆ. ಎರಡೂ ಹೊತ್ತು ಖುಬ್ಬೂಸ್ ರೊಟ್ಟಿ, ಮೊಸರು. ಮೊಸರಿಲ್ಲದ ದಿನ ಬರೇ ಚಾ. ನಿಮ್ಮಜ್ಜಿ ಫೋನಿನಾಗ ಕೇಳಿದ್ರ ‘ಹೊಟ್ಟಿ ತುಂಬ ಉಂಡೆ’ ಅಂತಿದ್ದೆ.

ಅಂಥಾ ಹೊತ್ತಿನಾಗ ಅಬುಧಾಬಿಯ ಒಬ್ಬ ಮುದುಕ ನನ್ನ ಡ್ರೈವರ್ ಅಂತ ಇಟ್ಕೊಂಡ. ಅರಬಾಬ್ ಅಂತಿದ್ವಿ ಅವಗ, ಯಜಮಾನ ಅಂದಂಗ. ಗಿಡುಗ ಸಾಕಿದ್ದ. ಗಿಡುಗ ಬಿಟ್ಟು ಹುಬಾರಾ ಹಕ್ಕಿ ಹಿಡಿಸೂದು ಅವರ ತಲಿತಲಾಂತರದ ಬೇಟೆ. ನಮ್ಮ ಎರೆಹೊಲದಾಗ ಎರೆಭೂತ ಅಂತ ಹಕ್ಕಿ ಇತ್ತಲ್ಲ, ಅದರ ತಮ್ಮ ಇದ್ದಂಗ. ಇಲ್ಲಿ ಆ ಬೇಟೆ ಬಂದ್. ಅದಕ್ಕ ಬ್ಯಾರೆ ದೇಶದಾಗ ಪರ್ಮಿಟ್ ತಗೊಂಡು ನೆಲಾ ಬಾಡಿಗಿಗೆ ಹಿಡೀತಾರ. ಅರಬಾಬ್ ಹಿಂದಿಯೊಳಗ ಅಂದ, ‘ಶಿವಾ, ಸದ್ಯಕ್ಕ ನಿನ್ನ ವೀಸಾ ಕಾಗದಾ ಹೊಂದಿಸೀನಿ. ನೆಲಾ ಕುದುರಿದ್ರ ಪೂರಾ ನೌಕರಿ. ಇಲ್ಲಂದ್ರ ಖಲಾಸ್.’

ಕಝಾಕಿಸ್ತಾನಕ್ಕ ಹೋದ್ವಿ. ಏನ್ ಹೇಳ್ಲಿ ನಿಮಗ, ಕಣ್ಣು ಸೋಲೂತನಕ ಸಪಾಟ ಹುಲ್ಲು. ಮುಗಿಲು ಅಷ್ಟು ದೊಡ್ಡದು ಅಂತ ನಂಗ ಅಲ್ಲೇ ತಿಳೀತು. ಅಲ್ಲಿನ ಏಜೆಂಟ್ ಹೇಳಿದ, ‘ಎರಡು ರೇಟ್ ಅದಾವ. ಕುರಿಗಾರರು ಇದ್ದಂಗ ಇದ್ರ ಕಡಿಮಿ. ಅವರ್ನ ಎಬ್ಬಿಸಿ, ಬಾವಿ ಮುಚ್ಚಿ ಕೊಟ್ರ ಡಬಲ್. ಗದ್ಲ ಇಲ್ಲದಲ್ಲಿ ಹಕ್ಕಿ ಜಾಸ್ತಿ.’ ಅರಬಾಬ್ ಗಾಡಿ ಇಳಿದು ನಡಿಯಾಕ ಹತ್ತಿದ, ನಾ ಹಿಂದಿಂದ ಮೆಲ್ಲಕ ಗಾಡಿ ಹೊಡಕೊಂಡು. ಅಲ್ಲಲ್ಲಿ ಕುಂತು ಮಣ್ಣಿನಾಗಿನ ಹಕ್ಕಿ ಹೆಜ್ಜಿ ಮುಟ್ಟಿ ನೋಡ್ತಿದ್ದ. ‘ಇಲ್ಲಿ ಮೇದೈತಿ. ಹೆದರಿ ಓಡಿಲ್ಲ ನೋಡು.’ ಹಂಗ ನೋಡ್ಕೋತ ಹೋದ್ರ ಹೆಜ್ಜಿ ದಟ್ಟ ಆಗಿದ್ದು ಎಲ್ಲಿ ಅಂತೀರಿ? ಬಾವಿ ಕಡೆ, ಕುರಿ ಹಿಕ್ಕಿ ಬಿದ್ದಲ್ಲಿ. ಹಿಕ್ಕಿಯಾಗ ಹುಳ, ಹುಳಕ್ಕ ಹಕ್ಕಿ.

ಬಾವಿ ಹಂತೇಲಿ ಒಬ್ಬ ಕುರಿಗಾರ ಹೆಣ್ಮಗಳು ನೀರು ಸೇದಾಕತ್ತಿದ್ಲು. ನಮ್ಮನ್ನ ಕಂಡು ಕೈ ಒರಸ್ಕೊಂಡು ಏನೋ ಕೇಳಿದ್ಲು. ಏಜೆಂಟ್ ಮಾರಿ ತಿರುವಿದ. ಅರಬಾಬ್ ಬಿಡಲಿಲ್ಲ, ‘ಏನಂದ್ಲು?’ ಕಡೀಕ ಏಜೆಂಟ್ ಹೇಳಿದ, ‘ನಮ್ಮನ್ನ ಯಾವಾಗ ಎಬ್ಬಿಸ್ತೀರಿ ಅಂತ ಕೇಳ್ತಾಳ.’

ಅರಬಾಬ್ ಬಗ್ಗಿ ಬಾವಿ ಒಳಗ ನೋಡಿದ. ನಾ ಅಂದ್ಕೊಂಡೆ, ಈ ನೆಲಾ ಕುದುರೂದಿಲ್ಲ, ಮುಗೀತು ನನ್ನ ನೌಕರಿ. ಆಮ್ಯಾಲೆ ಏಜೆಂಟಗ ಅಂದ, ‘ಡಬಲ್ ಕೊಡ್ತೀನಿ. ಇವರು ಇರ್ಲಿ, ಬಾವಿ ತೆರೆದಿರ್ಲಿ. ಹೆಚ್ಚಿನ ರೊಕ್ಕ ಇವರಿಗೆ.’

ಏಜೆಂಟ್ ನಕ್ಕ. ‘ಇವರು ಇದ್ರ ಕಡಿಮಿ ರೇಟಿಗೇ ಸಿಗತೈತಲ್ಲ.’

‘ಕಡಿಮಿ ಕೊಟ್ರ ಮುಂದಿನ ವರ್ಷ ಹೆಚ್ಚು ಕೊಡಾಂವ ಬಂದು ಇವರ್ನ ಎಬ್ಬಿಸ್ತಾನ. ಇವರು ಹೋದ್ರ ಕುರಿ ಹೋಗ್ತಾವ, ಹುಳ ಹೋಗ್ತಾವ. ಆಮ್ಯಾಲೆ ಹಕ್ಕಿ ಎದಕ್ಕ ಇಳೀತೈತಿ ಇಲ್ಲಿ?’

ನೆಲದ ಬೆಲಿ ಅಂದ್ರ ಬರೇ ನೆಲದ್ದು ಅಂತ ತಿಳ್ಕೊಂಡಿದ್ನಲ್ಲ ನಾ. ಆಕಿ ಹುಳಿ ಮಜ್ಜಿಗಿಯಂಥಾದ್ದು ಏನೋ ಕೊಟ್ಲು, ಕುಡದ್ವಿ. ನನ್ನ ನೌಕರಿ ಪಕ್ಕಾ ಆತು, ನಿಮ್ಮಪ್ಪನ ಸಾಲಿ ಫೀ ಅದರಾಗ ನಡೀತು. ಮುಂದೊಂದು ವರ್ಷ ಹೆಜ್ಜಿ ಕಡಿಮಿ ಕಂಡ್ವು ಅಂತ ಗಿಡುಗ ಹಾರಸಲೇ ಇಲ್ಲ ಆ ಮನಷ್ಯಾ, ಬಾಡಿಗಿ ಅಷ್ಟೇ ಕೊಟ್ಟು ಬಂದ್ವಿ.

ನಾಳೆ ನೀವೂ ಏನರ ಕೊಳ್ಳಾಕ ಹೋಗ್ತೀರಿ. ಅಗ್ಗ ಸಿಕ್ತು ಅಂತ ಕುಣೀಬ್ಯಾಡ್ರಿ, ಯಾರ ಹೊಟ್ಟಿ ಮ್ಯಾಲೆ ಹೊಡೆದು ಅಗ್ಗ ಆತು ಅಂತ ಒಮ್ಮೆ ಕೇಳ್ರಿ. ಏಳ್ರಿ, ರೊಟ್ಟಿ ಆರಾಕತ್ತಾವ.