ಆಲಿವ್ ತೋಟದ ಗುಂಡಿ

ಮೊರಾಕ್ಕೋದ ಬೆಂಗರೀರ್ ಊರಿನ ಆಸ್ಪತ್ರೆಯ ಪಡಸಾಲೆಯಲ್ಲಿ ಸರದಿಗೆ ಕಾದು ಕೂತಿದ್ದ ತೂದಾಳ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಅಲ್ಲಿ ಕೂತಿದ್ದ ರುಕಿಯಾಳ ಮಾವ ಒಳಗೆ ಮಲಗಿದ್ದರು; ಅವರನ್ನು ನೋಡಲು ನೆರೆಮನೆಯ ಇಜ್ಜಾ ಹರೀರಾ ಸಾರು ಹಿಡಿದು ಬಂದಿದ್ದಳು.

“ಮಾವ ಹೇಗಿದಾರೆ, ರುಕಿಯಾ?”

“ಬದುಕ್ಕೋತಾರಂತೆ ಅಕ್ಕಾ. ಅದಕ್ಕೇ ಡಾಕ್ಟರ ಮೇಲೆ ಸಿಟ್ಟು. ಗುಳಿಗೆ ಕೊಟ್ರೆ ಉಗೀತಾರೆ.”

“ಅದ್ಯಾಕಮ್ಮಾ?”

“ಆ ವೇಗದ ರೈಲು ನಮ್ಮ ಆಲಿವ್ ತೋಟದ ನಡುವೇ ಹೋಗತ್ತಲ್ಲ. ಗೋರಿ ಇದ್ರೆ ಬಳಸಿ ಹೋಗ್ತಾರಂತೆ. ಅಲ್ಲೇ ತನಗೆ ಗುಂಡಿ ತೋಡಿಸಿಟ್ಟಿದಾರೆ.”

“ಬಳಸಿದ್ರೆ ಎತ್ಲಾಗೆ ಹೋಗತ್ತೆ?”

“ಆ ಕಡೆ ಗುಡ್ಡ. ಈ ಕಡೆ ನಿಮ್ಮನೆ, ಅಕ್ಕಾ.”

ಇಜ್ಜಾ ಸಾರಿನ ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು.

“ಹಳಿಗೆ ಗುರುತಿನ ಗೂಟ ಯಾವಾಗ ಹೊಡೀತಾರೆ?”

“ಸೋಮವಾರ. ಆಮೇಲೆ ಗೋರಿ ಆದ್ರೂ ದಾರಿ ಬದಲಾಗಲ್ವಂತೆ.”

ದಾದಿ ಒಳಗೆ ಕರೆದಳು. ಸಾರಿನ ಡಬ್ಬಿ ಎತ್ತಿಕೊಂಡು ಇಜ್ಜಾಳೇ ಮೊದಲು ಎದ್ದಳು.

“ನಡಿ. ಸೋಮವಾರದವರೆಗೂ ಅವರಿಗೆ ನಾನೇ ಉಣ್ಣಿಸ್ತೀನಿ.”