ಸೊನ್ನೆ ಬಿದ್ದ ಉತ್ತರ

ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯಿನಿ ಸುಬ್ಬಲಕ್ಷ್ಮಮ್ಮನವರೇ, ವೇದಿಕೆಯ ಮೇಲಿರುವ ಹಿರಿಯರೇ, ನನ್ನ ಹೆಂಡತಿಯ ಜೊತೆ ಪಾಠ ಮಾಡಿದ ಮೇಷ್ಟ್ರುಗಳೇ, ಮೇಡಂಗಳೇ, ಸಭಿಕರೇ,

ಈಗ ಸಂಜೆ ನಾಲ್ಕೂವರೆ. ಬೆಳಿಗ್ಗೆ ಆರಕ್ಕೆ ಮಶೀನಿನ ಮುಂದೆ ನಿಂತವನು ಎರಡಕ್ಕೆ ಪಾಳಿ ಮುಗಿಸಿ, ಅಂಗಿ ಬದಲಿಸಿಕೊಂಡು ಇಲ್ಲಿಗೆ ಬಂದೆ. ಮಕ್ಕಳ ಪ್ರಾರ್ಥನೆ ಆಯಿತು, ಶಾಲು ಹೊದಿಸಿದ್ದೂ ಆಯಿತು. ಈ ಶಾಲು ನನ್ನದಲ್ಲ, ಉಮಾಶ್ರೀಯದು. ಇದ್ದಿದ್ದರೆ ಇವತ್ತು ನಿವೃತ್ತಳಾಗುತ್ತಿದ್ದಳು. ತೀರಿಕೊಂಡು ಏಳು ತಿಂಗಳಾಯಿತು. ನಾನು ಮುತ್ತಣ್ಣ, ಅವಳ ಗಂಡ. ಹತ್ತನೇ ತರಗತಿವರೆಗೆ ಓದಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮಶೀನಿಗೆ ತಗಡು ಕೊಡುವವನು. ಮಾತು ಉದ್ದವಾದರೆ ಗಂಟೆ ಬಾರಿಸಿ. ನಮಗೆ ಸೈರನ್ ಕೇಳಿ ಅಭ್ಯಾಸವಿದೆ.

ನಾಳೆ ಇದೇ ಶಾಲೆಯಲ್ಲಿ ಲಾವಣ್ಯ ಎಂಬ ಮಗುವನ್ನು ಬುದ್ಧಿಶಕ್ತಿ ಪರೀಕ್ಷೆಗೆ ಕೂರಿಸುತ್ತಾರೆ. ಯಾದಗಿರಿ ಕಡೆಯಿಂದ ಬಂದು ನಮ್ಮ ಜೊತೆ ದುಡಿಯುವ ಬಸಲಿಂಗನ ಮಗಳು. ಅಂಕ ಕಡಿಮೆ ಬಂದರೆ ಅವಳನ್ನು ಇಲ್ಲಿಂದ ಬೇರೆ ಶಾಲೆಗೆ ಕಳಿಸುವ ಮಾತಿದೆ. ಆ ಮಗುವಿನ ಪರವಾಗಿ ಒಂದು ವಿನಂತಿ ಮಾಡಲು ನಿಂತಿದ್ದೇನೆ.

ಈ ಪರೀಕ್ಷೆ ಯಾಕೆ ಹುಟ್ಟಿತು? ಪಾಠದ ಜೊತೆಗೆ ಇಲ್ಲಿನ ಮಕ್ಕಳಿಗೆ ಈ ಪರೀಕ್ಷೆಯನ್ನೂ ಮಾಡುತ್ತಿದ್ದ ಉಮಾಶ್ರೀ ಹೇಳದೆ ಇದ್ದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ನೂರು ವರ್ಷಕ್ಕೂ ಹಿಂದೆ ಪ್ಯಾರಿಸ್ಸಿನಲ್ಲಿ, ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕೆಂದು ತಿಳಿಯಲು ಮಾಡಿದರಂತೆ. ಸಹಾಯ ಮಾಡಲು! ಆಮೇಲೆ ಬೇರೆ ದೇಶದವರು ಅದನ್ನೇ ಹಿಡಿದು ಜನರನ್ನು ಮೇಲು ಕೀಳು ಎಂದು ವಿಂಗಡಿಸಿದರಂತೆ. ನಮ್ಮ ಕಡೆ ಬಂದಾಗ ಕನ್ನಡದ ಮಕ್ಕಳಿಗೆ ಹೊಂದುವಂತೆ ಪ್ರಶ್ನೆಗಳನ್ನು ಬದಲಿಸಿದರಂತೆ. "ಬದಲಿಸಿದ್ದು ಒಳ್ಳೇದಾಯ್ತು ಕಣ್ರೀ, ಆದ್ರೂ ಪೀಣ್ಯದವರೆಗೆ ಬರಲಿಲ್ಲ" ಎನ್ನುತ್ತಿದ್ದಳು.

ಯಾಕೆ ಹಾಗೆ ಅನ್ನುತ್ತಿದ್ದಳು? ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ, ಈರುಳ್ಳಿ ಹೆಚ್ಚುತ್ತಾ, ತಮಾಷೆಗೆ ನನಗೇ ಪರೀಕ್ಷೆ ಮಾಡಿದಳು.

"ರೀ, ಬೆರಳು ಕುಯ್ಕೊಂಡ್ರೆ ಮೊದಲು ಏನ್ ಮಾಡ್ತೀರಿ?"

"ಮೇನ್ ಸ್ವಿಚ್ ಆಫ್ ಮಾಡ್ತೀನಿ."

"ಅಯ್ಯೋ, ಸೊನ್ನೆ! ಬಟ್ಟೆ ಕಟ್ಕೋತೀನಿ ಅನ್ಬೇಕು."

"ನೀನು ಬಟ್ಟೆ ಹುಡುಕೋದ್ರೊಳಗೆ ಮಶೀನು ಇನ್ನೊಂದು ಬೆರಳೂ ತಗೊಳ್ಳುತ್ತೆ ಕಣೇ."

ಅವಳು ನಗಲಿಲ್ಲ. ಚಾಕು ಕೆಳಗಿಟ್ಟಳು. ಆವತ್ತು ಬೆಳಿಗ್ಗೆ ಶಾಲೆಯ ಪರೀಕ್ಷೆಯಲ್ಲಿ ಭಾಗ್ಯಶ್ರೀ ಎಂಬ ಎಂಟು ವರ್ಷದ ಹುಡುಗಿ ಇದೇ ಉತ್ತರ ಹೇಳಿದ್ದಳು. ಉಮಾಶ್ರೀ ಅದಕ್ಕೆ ಸೊನ್ನೆ ಹಾಕಿದ್ದಳು. ಇಂಥ ಇನ್ನೆಷ್ಟು ಉತ್ತರಗಳಿಗೆ ಸೊನ್ನೆ ಬಿತ್ತೋ! ಹುಡುಗಿಯ ತಂದೆ ಚನಬಸಪ್ಪನವರೂ ಪ್ರೆಸ್ ಕೆಲಸದವರು.

"ನಾಳೆಯೇ ಹೋಗಿ ಇನ್ನೊಮ್ಮೆ ಕೇಳ್ತೀನಿ" ಅಂದಳು. "ಬಿಡು, ಒಂದು ಪ್ರಶ್ನೆ ತಾನೆ" ಅಂದವನು ನಾನು. ಇದನ್ನು ಇವತ್ತು ಹೇಳಬೇಕೆಂದುಕೊಂಡು ಬಂದಿರಲಿಲ್ಲ.

ನನ್ನ ಮಾತು ಕೇಳಿ ಒಂದು ವಾರ ಸುಮ್ಮನಿದ್ದಳು. ಅಷ್ಟರಲ್ಲಿ ಪರೀಕ್ಷೆಯ ವರದಿ ಕೈಸೇರಿ, ಚನಬಸಪ್ಪನವರು ಶಾಲೆಗೆ ಬಂದರು. "ನನ್ನ ಮಗಳು ದಡ್ಡಿ ಅಂತ ಕಾಗದದಾಗ ಬರದೀರಿ. ಇನ್ನ ಯಾಕ ಕಳಸ್ಲಿ ಮೇಡಂ?" ಎಂದು ಹೇಳಿ ಮಗಳನ್ನು ಕರೆದುಕೊಂಡು ಹೋದರು. ನಾವು ಮನೆಗೆ ಹೋಗಿ ನೋಡುವಷ್ಟರಲ್ಲಿ ಬಾಡಿಗೆ ರೂಮನ್ನೂ ಖಾಲಿ ಮಾಡಿದ್ದರು. ನಾಲ್ಕು ಭಾನುವಾರ ನಾವಿಬ್ಬರೂ ವಠಾರ ವಠಾರ ಹುಡುಕಿದೆವು. ಸಿಗಲಿಲ್ಲ. ಆಸ್ಪತ್ರೆಯಲ್ಲಿದ್ದಾಗಲೂ ಉಮಾಶ್ರೀ ಕೇಳಿದಳು: "ಆ ಹುಡುಗಿಗೆ ಈಗ ಹತ್ತೊಂಬತ್ತು ಆಗಿರ್ಬೇಕು, ಅಲ್ವೇನ್ರೀ?"

ಭಾಗ್ಯಶ್ರೀ ಶಾಲೆ ಬಿಟ್ಟ ದಿನದಿಂದ ಉಮಾಶ್ರೀ ಯಾವ ಮಗುವಿನ ಉತ್ತರಕ್ಕೂ "ಯಾಕೆ ಪುಟ್ಟಾ?" ಎಂದು ಕೇಳದೆ ಅಂಕ ಬರೆದವಳಲ್ಲ. ನನ್ನ ವಿನಂತಿ ಇಷ್ಟೇ. ಲಾವಣ್ಯಳನ್ನೂ ಹಾಗೆ ಕೇಳಿ. ಅವಳ ಯಾದಗಿರಿ ಕಡೆಯ ಮಾತು ತಿಳಿಯುವ ಒಬ್ಬರು ಪಕ್ಕದಲ್ಲಿರಲಿ.

ಮುಖ್ಯೋಪಾಧ್ಯಾಯಿನಿಯವರು ತಲೆಯಾಡಿಸುತ್ತಿದ್ದಾರೆ. ಅದು ಒಪ್ಪಿಗೆ ಎಂದೇ ತಿಳಿಯುತ್ತೇನೆ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಅವಳ ಪರವಾಗಿಯೂ ಧನ್ಯವಾದಗಳು. ಪರೀಕ್ಷೆ ಹತ್ತೂವರೆಗೆ. ಬಸಲಿಂಗನಿಗೆ ರಜೆ ಸಿಕ್ಕಿಲ್ಲ. ನಾಳೆ ನನ್ನ ವಾರದ ರಜೆ. ಅವನ ಮಶೀನಿಗೆ ನಾನು ನಿಲ್ಲುತ್ತೇನೆ, ಅವನು ಮಗಳ ಜೊತೆ ಇಲ್ಲಿಗೆ ಬರುತ್ತಾನೆ. ನಮಸ್ಕಾರ.