ನಾಜಿರಾಳ ಮನೆಯ ಕೆಲಸದವಳು

"ಹಲೋ... ಯಾರು ಮಾತಾಡೋದು?... ಹಾಂ? ಜೋರಾಗಿ ಹೇಳಬೇಕು ಮೇಡಂ. ಬೆಳಗಿಂದ ಮರುಭೂಮಿ ಕಡೆ ಗಾಳಿ ಬೀಸ್ತಾ ಇದೆ, ಏನೂ ಕೇಳ್ಸಲ್ಲ..."

ಸುಳ್ಳಲ್ಲ. ಅಂದು ಬೆಳಿಗ್ಗೆ ಲಾಸ್ ಏಂಜಲೀಸಿನ ಮೇಲೆ ಕುಲುಮೆಯ ತಿದಿ ಒತ್ತಿದಂಥ ಬಿಸಿಗಾಳಿ. ಕಿತ್ತಳೆ ತೋಟಗಳ ಧೂಳೆಲ್ಲ ಹಾರಿಬಂದು ಕಿಟಕಿಗಳ ಕಪ್ಪು ಪರದೆಯ ಮೇಲೆ ಕೂತಿತ್ತು. ಕಪ್ಪು ಪರದೆ ಹಾಕಿಸಿದವನು ಸ್ಟುಡಿಯೋದ ಪ್ರಚಾರದವನಾದ ಪೆಗ್ರಮ್. ಓಹಾಯೊದ ಹಳ್ಳಿಯ ಟಿಲ್ಲಿ ಗ್ರೂಬ್ ಎಂಬ ಹುಡುಗಿಯನ್ನು, ನೈಲ್ ನದಿಯ ದಂಡೆಯಲ್ಲಿ ಹಾವಾಡಿಗನಿಗೆ ಹುಟ್ಟಿದ ನಾಜಿರಾ ಎಂದು ಊರೂರಿಗೆ ಸಾರಿದವನೂ ಅವನೇ. ಅದು ಮಾತಿಲ್ಲದ ಚಿತ್ರಗಳ ಕಾಲ. ತೆರೆಯ ಮೇಲೆ ಕಂಡಕಂಡವರ ಮನೆ ಮುರಿಯುವ ಮಾಯಗಾತಿಗೆ ಹೆತ್ತ ತಾಯಿ ಎಂಬವಳೊಬ್ಬಳು ಇರಬಾರದಲ್ಲ! ಹೀಗಾಗಿ ಹಲ್ಡಾ ಗ್ರೂಬ್ ಹೆತ್ತ ಮಗಳ ಮನೆಯಲ್ಲೇ ಕೆಲಸದವಳಾದಳು. ಫೋನು ಎತ್ತಿದರೆ ಪರದೇಶದವಳಂತೆ ತೊದಲಬೇಕು. ಗುಟ್ಟು ಹೊರಬಿದ್ದ ದಿನ ಮಗಳ ಕರಾರು ರದ್ದು. ಮೊದಲ ಪುಟದಲ್ಲಿ ಮಕ್ಕಳ ಹುಟ್ಟು ಬರೆದಿಟ್ಟಿದ್ದ ಮನೆತನದ ಬೈಬಲ್ಲನ್ನೂ, "ಒಂದೇ ತಿಂಗಳು, ಅಮ್ಮಾ" ಎಂದು ಟಿಲ್ಲಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಮೂರು ವರ್ಷವಾಗಿತ್ತು.

"ನಾಜಿರಾ ಅಮ್ಮಾವ್ರು ಬರಲ್ಲ... ಮಲಗಿದೆ. ಹಗಲು ಏಳಲ್ಲ... ನಾನಾ? ಫಾತ್ಮಾ. ಕೆಲಸದೋಳು... ತಮ್ಮ ಹೆಸರು?... ಅಗಾಥಾ ಪ್ರೂಯಿಟ್? ಓಹಾಯೊದಿಂದಾನಾ?"

ಇಪ್ಪತ್ತು ವರ್ಷ ಚರ್ಚಿನ ಒಂದೇ ಬೆಂಚಿನಲ್ಲಿ ಹಲ್ಡಾಳ ಭುಜಕ್ಕೆ ಭುಜ ತಾಗಿಸಿ ಕೂತು ಹಾಡಿದ ದನಿ ಅದು. ಅಗಾಥಾಳಿಗೆ ಮಾತ್ರ ಈ ತೊದಲಿನಲ್ಲಿ ಗುರುತು ಹತ್ತಲಿಲ್ಲ. ಹತ್ತದೇ ಇರಲಿ ದೇವರೇ, ಎಂದುಕೊಂಡಳು ಹಲ್ಡಾ.

"ಹಾಂ... ಚರ್ಚಿನ ಮಹಿಳಾ ಸಮಾಜದ ಪರವಾಗಿ ಬಂದಿದೀರಿ, ಸರಿ... ನಾಲ್ಕು ಸಾವಿರ ಸಹಿ? ಯಾತಕ್ಕೆ?... ಓ. ಅಮ್ಮಾವ್ರ ಚಿತ್ರ ಎಲ್ಲ ಸುಟ್ಟುಹಾಕೋಕೆ..."

"ತಾವು ನೋಡಿದೀರಾ ಆ ಚಿತ್ರ?... ನಾಲ್ಕು ಸಲಾನಾ?... ಪಾಪ ಎಷ್ಟಿದೆ ಅಂತ ಒಂದೇ ಸಲಕ್ಕೆ ತಿಳೀಲಿಲ್ವಾ ಮೇಡಂ?... ಇಲ್ಲ ಇಲ್ಲ, ನಗ್ತಿಲ್ಲ. ಕೆಮ್ಮು. ಧೂಳಲ್ವಾ..."

"ಮೈ ಕಾಣೋ ಬಟ್ಟೆನಾ?... ಎಲ್ಲಿ ಕಾಣುತ್ತೆ? ಒಳಗೆ ಮೈಬಣ್ಣದ ಬಟ್ಟೆ ಮೂರು ಪದರ ಇದೆ, ನಾನೇ ಹೊಲಿದದ್ದು!... ಹಾಂ... ಹೊಲಿಗೇನೂ ನಂದೇ ಕೆಲಸ ಮೇಡಂ."

"ಯಾರು, ಹಾವಿನ ಮೊಟ್ಟೆ?... ಅಮ್ಮಾವ್ರು ಹಲ್ಲಿ ಕಂಡ್ರೂ ಕುರ್ಚಿ ಹತ್ತುತ್ತೆ... ಈ ಮನೇಲಿ ಬೈಬಲ್ ಇದ್ಯಾ ಅಂತಾನಾ?... ಇದೆ. ಬೀಗದಲ್ಲಿದೆ... ಯಾಕೆ ಅಂದ್ರೆ... ನಂಗೇನು ಗೊತ್ತು ಮೇಡಂ, ಕೆಲಸದೋಳು."

ಮೇಲೆಲ್ಲೋ ಮೆಟ್ಟಿಲೊಂದು ಕಿರುಗುಟ್ಟಿತು. ಹಲ್ಡಾ ತಿರುಗಲಿಲ್ಲ.

"ಏನಂದ್ರಿ?... ಇನ್ನೊಂದ್ಸಲ ಹೇಳಿ... ತಾಯಿ ಅಂತ ಒಬ್ಬಳು ಇದ್ದಿದ್ರೆ ಹುಟ್ಟಿದ ದಿನಾನೇ ಬಾವಿಗೆ ಹಾಕ್ತಿದ್ಲು, ಅಂತೀರಾ?... ಅಂಥ ತಾಯಿ ನಿಮ್ಮೂರಲ್ಲಿ ಇದಾಳಾ ಮೇಡಂ?"

"ಮಗಳು ಅಂದ್ರೆ ಯಾರ ಹಾಗಿರಬೇಕು?... ಯಾವ ಟಿಲ್ಲಿ?... ಹಲ್ಡಾ ಗ್ರೂಬ್ ಮಗಳು... ಇದೇ ಊರಲ್ಲಿ ಮಕ್ಕಳಿಗೆ ಸಂಗೀತ ಹೇಳ್ಕೊಡ್ತಾಳೆ ಅಂತ ಹಲ್ಡಾ ಕಾಗದ ಬರೆದಿದ್ಲಾ... ಹಾಂ... ಹಾಂ... ಚರ್ಚಲ್ಲಿ ದೇವದೂತನ ಹಾಗೆ ಹಾಡ್ತಿದ್ಲು. ಹೌದು. ಹಾಡ್ತಿದ್ಲು..."

ಆ ಕಾಗದದ ಸುಳ್ಳನ್ನು ಹಲ್ಡಾ ಕೈಯಾರೆ ಬರೆದಿದ್ದಳು. ಈಗ ಅದೇ ಸುಳ್ಳು ಹೊಗಳಿಕೆಯಾಗಿ ಕಿವಿಗೆ ಬೀಳುತ್ತಿತ್ತು. ಹೂಂಗುಟ್ಟಿಕೊಂಡು ಸುಮ್ಮನಿದ್ದರೆ ಮಗಳ ಅನ್ನ ಉಳಿಯುತ್ತದೆ. ಆದರೆ ಒಂದೇ ನಾಲಿಗೆ ಒಂದೇ ಮಗುವಿಗೆ ಆರತಿಯನ್ನೂ ಎತ್ತಿ ಮಣ್ಣನ್ನೂ ತೂರಿದರೆ, ಹೆತ್ತವಳು ಯಾವ ಕಿವಿ ಮುಚ್ಚಿಕೊಳ್ಳಬೇಕು? ತೊದಲು ತಾನಾಗಿ ಕಳಚಿಬಿತ್ತು.

"ಅಗಾಥಾ... ಸಾಕು ಮುಚ್ಚೇ ಬಾಯಿ... ಯಾರಾ? ಗುರುತು ಸಿಗಲಿಲ್ವಾ? ನಿನ್ನ ಮಗನಿಗೆ ಗಂಟಲಮಾರಿ ಬಂದಾಗ ಹನ್ನೊಂದು ದಿನ ತೊಡೆ ಮೇಲಿಂದ ಇಳಿಸದೆ ಕೂತಿದ್ದು ಯಾರು?... ಹೂಂ. ಅದೇ ಹಲ್ಡಾ."

"ಇಲ್ಲಿ ಯಾಕಿದೀನಾ?... ನನ್ನ ಮಗಳ ಮನೆ, ಇದೀನಿ... ನಾಲ್ಕು ಸಲ ನೋಡಿದೀಯಲ್ಲೇ, ಆ ಮೂಗು ಗೊತ್ತಾಗಲಿಲ್ವಾ? ನಿನ್ನ ಅಡುಗೆಮನೇಲಿ ಸೇಬಿನ ಕಡುಬು ಮೆತ್ಕೊಂಡು ಓಡ್ತಿದ್ದ ಮೂಗು ಅದು!"

"ಹೇಳು. ಧಾರಾಳವಾಗಿ ಹೇಳು. ಪತ್ರಿಕೆಯೋರಿಗೂ ಹೇಳು. ಬರ್ಕೋ, ಹೆಸರು ಟಿಲ್ಲಿ ಗ್ರೂಬ್. ತಾಯಿ ಹಲ್ಡಾ. ಅಪ್ಪ ಹಾವಾಡಿಗ ಅಲ್ಲ, ಲಾಳ ಹೊಡೀತಿದ್ದ, ನಿನ್ನ ಕುದುರೆಗೂ ಹೊಡೆದಿದ್ದ... ಕರಾರು ಹೋದ್ರೆ ಹೋಯ್ತು, ಹೊಲಿಗೆ ಸೂಜಿ ಇದೆ ನನ್ನ ಹತ್ರ... ನಾಚಿಕೆನಾ? ಆಯ್ತಲ್ಲ! ಮಗಳನ್ನ ಮಗಳು ಅಂದು ಮೂರು ವರ್ಷ ಆಯ್ತು, ಅದಕ್ಕೆ ನಾಚಿಕೆ... ಸುಡು ಬಾ ಅಗಾಥಾ. ನಿನ್ನ ನಾಲ್ಕು ಸಾವಿರ ಜನಾನೂ ಕರ್ಕೊಂಡು ಬಾ, ಬೆಂಕಿಪೊಟ್ಟಣ ನಾನೇ... ಹಲೋ?... ಅಗಾಥಾ?... ಹಲೋ?"

ತಂತಿಯಲ್ಲಿ ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಹಲ್ಡಾ ತಿರುಗಿದಳು. ಮೆಟ್ಟಿಲ ಬುಡದಲ್ಲಿ ಟಿಲ್ಲಿ. ಕಣ್ಣಿಗೆ ಕಾಡಿಗೆಯಿಲ್ಲ, ಕಾಲು ಬರಿಗಾಲು. ಬೆರಳಿಗೆ ಬೀರುವಿನ ಬೀಗದಕೈ, ಎದೆಗೆ ಅವುಚಿಕೊಂಡ ಹಳೆಯ ಬೈಬಲ್ಲು. ಎಷ್ಟು ಹೊತ್ತಿನಿಂದ ಕೇಳುತ್ತ ನಿಂತಿದ್ದಳೋ. ಅವಳು ತೋಳಿನಿಂದ ಧೂಳು ಒರೆಸಿ, ಪುಸ್ತಕವನ್ನು ತಾಯಿಯ ಎರಡೂ ಕೈಯಲ್ಲಿಟ್ಟಳು. ಆಮೇಲೆ ಹಿಂದೆ ಹೋಗಿ, ಕೆಲಸದವಳ ಏಪ್ರನ್ನಿನ ಗಂಟನ್ನು ಮೆಲ್ಲಗೆ ಬಿಚ್ಚಿದಳು.